‘ಕಾಚ’ ಮತ್ತು ‘ಗಾಜು’: ಕಣ್ಣು, ಆವಿಗೆ, ಬೂದಿದಿಬ್ಬ

‘ಗಾಜು’ ಎಂಬುದು ಸಂಸ್ಕೃತ ‘ಕಾಚ’ದ ತದ್ಭವ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದಲ್ಲಿ ಕನ್ನಡದ ಜೊತೆಗೇ ಬಾಳುವ ತೆಲುಗಿನಲ್ಲಿ ‘ಗಾಜು’ ಎಂದರೆ ಬಳೆಯೂ ಹೌದು. ಅಲ್ಲಿ ವಸ್ತುವಿನ ಹೆಸರೇ ಒಡವೆಗೆ ಸಂದಿದೆ. ಶಾಸ್ತ್ರಪರಿಭಾಷೆಯಲ್ಲಿ ಈ ಪದದ ಅರ್ಥಸಂಕ್ರಮಣ ಇನ್ನೂ ತೊಡಕಿನದು. ಗಾಜಿನ ಯಾವ ಗುಣ ಪದದೊಡನೆ ಸಾಗಿಬಂದಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಕಣ್ಣಿನ ಮಸೂರಕ್ಕೂ ಅಕ್ಷಿಪಟಲಕ್ಕೂ ನಡುವೆ ತುಂಬಿರುವ ಲೋಳೆಯನ್ನು ‘ಕಾಚಕ ರಸ’ ಎನ್ನಲಾಗುತ್ತದೆ. ಕಣ್ಣುಗುಡ್ಡೆಯ ಸುಮಾರು ಐದರಲ್ಲಿ ನಾಲ್ಕು ಭಾಗ ಇದೇ. ಇದರ 98–99 ಪ್ರತಿಶತ ನೀರು. ಗಾಜಿನ ಗಡಸುತನ ಇದಕ್ಕಿಲ್ಲ, ಪಾರದರ್ಶಕತೆ ಮಾತ್ರ ಇದೆ. ಆದರೆ ಆಯುರ್ವೇದದಲ್ಲಿ ‘ಕಾಚ’ವೆಂಬುದು ನೇತ್ರರೋಗದ ಹೆಸರು: ‘ತಿಮಿರ’ ಉಲ್ಬಣಿಸಿ ‘ಕಾಚ’ವಾಗಿ, ಕೊನೆಗೆ ದೃಷ್ಟಿಯನ್ನೇ ಕಳೆಯುವ ‘ಲಿಂಗನಾಶ’ವಾಗುತ್ತದೆ. ಒಂದೇ ಅಂಗದ ವಿಚಾರದಲ್ಲಿ ಒಂದೇ ಶಬ್ದ ಒಂದೆಡೆ ತಿಳಿಯನ್ನೂ ಇನ್ನೊಂದೆಡೆ ಮಬ್ಬನ್ನೂ ಹೇಳುತ್ತದೆ. ಆದ್ದರಿಂದ ವೈದ್ಯಗ್ರಂಥಗಳ ಅನುವಾದದಲ್ಲಿ ಬರಿಯ ‘ಕಾಚ’ ಎಂದು ಬರೆಯುವುದು ಅಪಾಯಕರ. ‘ಕಾಚಕ’ ಎಂಬ ರೂಪಭೇದವನ್ನು ಬಿಡಬಾರದು.

ಮಣ್ಣಿನ ಕೆಲಸದಲ್ಲಿ ಅರ್ಥ ಬೇರೆಯೇ ದಿಕ್ಕು ಹಿಡಿಯುತ್ತದೆ. ಹೆಚ್ಚಿನ ಶಾಖದಲ್ಲಿ ಜೇಡಿಯ ಒಂದಂಶ ಕರಗಿ, ಕಣಗಳ ನಡುವಿನ ರಂಧ್ರಗಳನ್ನು ತುಂಬಿ, ಆರಿದಾಗ ಗಾಜಾಗುತ್ತದೆ. ಪಿಂಗಾಣಿ ನೀರು ಹೀರದಿರಲು ಇದೇ ಕಾರಣ. ಕುಂಬಾರನ ಆವಿಗೆಯ ಶಾಖ ಸಾಮಾನ್ಯವಾಗಿ ಆ ಮಟ್ಟವನ್ನು ಮುಟ್ಟದು. ಹರವಿಯ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಂಪು! ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದ ಉತ್ಖನನದಲ್ಲಿ ದೊರೆತ ನವಶಿಲಾಯುಗದ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳೂ ಹೀಗೆ ಗಾಜಾಗದವು.

ಮಡಕೆಯಲ್ಲಿ ನಡೆಯದ ಈ ಕ್ರಿಯೆ ಇದೇ ಜಿಲ್ಲೆಯ ಬೂದಿದಿಬ್ಬಗಳಲ್ಲಿ ನಡೆದಿದೆ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯ ಕುಡತಿನಿಯ ದಿಬ್ಬ ಇದಕ್ಕೆ ಪ್ರಸಿದ್ಧ ನಿದರ್ಶನ. ಇಂಥ ದಿಬ್ಬಗಳು ಸಗಣಿ ಸುಟ್ಟ ಬೂದಿಯೆಂದು ಝೊಯ್ನರ್ 1960ರಲ್ಲಿ ತೋರಿಸಿದರು. ಆಲ್ಚಿನ್ 1963ರಲ್ಲಿ ಅವನ್ನು ಪಶುಪಾಲಕರ ದೊಡ್ಡಿಗಳೆಂದು ವಿವರಿಸಿದರು. ಸಗಣಿಯ ಬೂದಿಯಲ್ಲಿರುವ ಮರಳಿನಂಶ ಕ್ಷಾರದೊಡನೆ ಬೆರೆತು, ತೀವ್ರ ಶಾಖದಲ್ಲಿ ಕರಗಿ, ಗುಳ್ಳೆಗುಳ್ಳೆಯಾದ ಗಟ್ಟಿಗಳಾಗಿದೆ. (ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆನ್ನುತ್ತಾರೆ, ಬೆಂಕಿಯ ನೆನಪಂತೂ ಐತಿಹ್ಯದಲ್ಲಿ ಉಳಿದಿದೆ.)

ಬೆಳಕು ಹಾಯದ ಈ ಗಟ್ಟಿಗಳನ್ನು ‘ಗಾಜಿನಂತಹ’ ಎಂದು ವರ್ಣಿಸಿದರೆ ವಿದ್ಯಾರ್ಥಿ ದಿಬ್ಬದಲ್ಲಿ ಹೊಳೆಯುವ ಚೂರುಗಳನ್ನು ಹುಡುಕುತ್ತಾನೆ. ‘ಹೆಪ್ಪುಗಟ್ಟು’ ಎಂಬುದರ ಮಾದರಿಯಲ್ಲಿ ‘ಗಾಜುಗಟ್ಟು’ ಎಂದರೆ ನೋಟವಲ್ಲ, ನಡೆದ ಕ್ರಿಯೆ ಮುಂದಾಗುತ್ತದೆ. ಪಿಂಗಾಣಿಗೂ ಕುಡತಿನಿಯ ಬೂದಿಗೂ ಅದು ಸಲ್ಲುತ್ತದೆ.