ಮಿತಾಹಾರದಲ್ಲಿ ಧಾನ್ಯದ ಸ್ಥಾನ

ನಾಗಪುರದಲ್ಲಿ ಜೋಳದ ಭಾಕರಿ, ಝುಣಕ ಪರಿಚಿತ ಊಟ. ತೂಕ ಇಳಿಸಬಯಸುವ ಅನೇಕರು ಮೊದಲು ತ್ಯಜಿಸುವುದು ಭಾಕರಿಯನ್ನೇ. ಇದು ಸರಿಯಾದ ಕ್ರಮವಲ್ಲ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋ ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಿಂದ 9 ಕಿಲೋ ಕ್ಯಾಲೊರಿ ದೊರೆಯುತ್ತದೆ. ಭಾಕರಿಗೆ ಎಣ್ಣೆ ಬೇಕಿಲ್ಲ. ಝುಣಕಕ್ಕೆ ಧಾರಾಳವಾಗಿಯೇ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಗಳಂತೆ ಏಕದಳ ಹಾಗೂ ಕಿರುಧಾನ್ಯಗಳ ಪಾಲು ಒಟ್ಟು ಶಕ್ತಿಯ ಶೇ. 45ನ್ನು ಮೀರಬಾರದು. ಅಂದರೆ ಧಾನ್ಯಕ್ಕೆ ಮಿತಿಯುಂಟು, ನಿಷೇಧವಿಲ್ಲ. ಮೂರು ಭಾಕರಿ ಸೇವಿಸುವವರು ಒಂದನ್ನು ಬಿಟ್ಟು ಸೊಪ್ಪು, ಬೇಳೆಗಳನ್ನು ಹೆಚ್ಚಿಸಿಕೊಳ್ಳಬಹುದು. ಆಲೂಗಡ್ಡೆ, ಗೆಣಸುಗಳನ್ನು ತರಕಾರಿಯೆಂದು ಭಾವಿಸದೆ ಧಾನ್ಯದ ಲೆಕ್ಕಕ್ಕೇ ಸೇರಿಸತಕ್ಕದ್ದು. ಮಧುಮೇಹಕ್ಕಾಗಿ ಇನ್ಸುಲಿನ್ ಪಡೆಯುತ್ತಿರುವವರು ಮಾತ್ರ ವೈದ್ಯರ ಸಲಹೆಯಿಲ್ಲದೆ ಧಾನ್ಯವನ್ನು ಕಡಿಮೆ ಮಾಡಬಾರದು. ರಕ್ತದಲ್ಲಿನ ಸಕ್ಕರೆಯ ಅಂಶ ಅಪಾಯಕರ ಮಟ್ಟಕ್ಕೆ ಇಳಿಯುವ ಸಂಭವವಿದೆ.