ಅಗ್ಗದ ಪ್ರೊಸೆಸರ್ ಕೂಲರ್: ಕಲ್ಯಾಣ ನಗರದ ಕೋಣೆಯಲ್ಲೇ ಪರೀಕ್ಷಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಎರಡು ಸಾವಿರ ರೂಪಾಯಿ ಆಸುಪಾಸಿನ ಕೂಲರ್ ತಂದಿದ್ದೀರಿ. ಡಬ್ಬದ ಮೇಲೆ ಡೆಸಿಬಲ್ ಅಂಕಿ ಇರುತ್ತದೆ. ಎಷ್ಟು ದೂರದಿಂದ ಅಳೆದರು, ಎಂಥ ಕೋಣೆಯಲ್ಲಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಮೇಜಿನ ಮೇಲೆ ಅದು ಹೇಗೆ ನಡೆಯುತ್ತದೆ ಎಂದು ನೀವೇ ಅಳೆಯಬಹುದು. ದುಬಾರಿ ಸಲಕರಣೆ ಬೇಡ, ಶಿಸ್ತು ಬೇಕು.

1. ಮೊದಲು ಕೋಣೆಯ ಸದ್ದು ಅಳೆಯಿರಿ. ಹೊರವರ್ತುಲ ರಸ್ತೆಯ ಲಾರಿಗಳು, ಮೆಟ್ರೊ ನೀಲಿ ಮಾರ್ಗದ ಕೆಲಸ, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ನಿಮ್ಮ ಅಳತೆಯೊಳಗೆ ನುಸುಳುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಒಳ್ಳೆಯ ಕೂಲರ್ ಇದಕ್ಕಿಂತ ಮೆತ್ತಗಿರುತ್ತದೆ, ಹಗಲಲ್ಲಿ ಅದರ ಸದ್ದು ಕೈಗೆ ಸಿಗದು. ನಡುರಾತ್ರಿ ಕಳೆದ ಮೇಲೆ, ಸೀಲಿಂಗ್ ಫ್ಯಾನ್ ಆಫ್ ಮಾಡಿ ಕೂರಿ. ಕೂಲರ್ ಓಡುವಾಗಿನ ಅಂಕಿ ಖಾಲಿ ಕೋಣೆಯದ್ದಕ್ಕಿಂತ ಬರೀ 3 ಡೆಸಿಬಲ್ ಹೆಚ್ಚಿದ್ದರೆ, ಅಳೆದ ಶಬ್ದಶಕ್ತಿಯಲ್ಲಿ ಅರ್ಧ ಕೋಣೆಯದ್ದೇ. 10 ಡೆಸಿಬಲ್ ಅಂತರ ಸಿಕ್ಕರೆ ನಿಶ್ಚಿಂತೆ.

2. ಮೊಬೈಲ್ ಆ್ಯಪ್ ಸಾಕು, ಜಾಗ ಬದಲಾಗಬಾರದು. ಆ್ಯಪ್ ತೋರಿಸುವ ಅಂಕಿಯನ್ನು ಪರಮಸತ್ಯ ಎನ್ನಬೇಡಿ. ಅದೇ ಫೋನ್, ಅದೇ ಜಾಗ ಆದರೆ ಹೋಲಿಕೆಗೆ ನಡೆಯುತ್ತದೆ. ಟೇಪು ಹಿಡಿದು ಅರ್ಧ ಮೀಟರ್ ಗುರುತು ಹಾಕಿ. ಬಯಲಿನಲ್ಲಿ ದೂರ ಅರ್ಧವಾದರೆ ಅಂಕಿ 6 ಡೆಸಿಬಲ್ ಏರುತ್ತದೆ.

3. ಕೋಣೆಯ ಬಿಸಿ ಕಳೆಯಿರಿ. ಏಪ್ರಿಲ್‌ನಲ್ಲಿ ಕೋಣೆ 33 ಡಿಗ್ರಿ, ಪ್ರೊಸೆಸರ್ 78. ಡಿಸೆಂಬರ್‌ನಲ್ಲಿ ಕೋಣೆ 23, ಪ್ರೊಸೆಸರ್ 68. ಎರಡರಲ್ಲೂ ವ್ಯತ್ಯಾಸ 45, ಅಂದರೆ ಕೂಲರ್ ಮಾಡಿದ ಕೆಲಸ ಒಂದೇ. ಥರ್ಮಾಮೀಟರ್ ಗೋಡೆಯ ಮೇಲಲ್ಲ, ಕ್ಯಾಬಿನೆಟ್ ಗಾಳಿ ಎಳೆಯುವ ಕಡೆ ಇರಲಿ.

4. ವ್ಯಾಟ್ ಕಟ್ಟಿಹಾಕಿ. ಇಂಟೆಲ್ ಕೋರ್ ಐ5-12400ರ ಮೂಲ ಮಿತಿ 65 ವ್ಯಾಟ್, ಗರಿಷ್ಠ ಟರ್ಬೊ 117. ಮದರ್‌ಬೋರ್ಡ್ ತನಗೆ ತೋಚಿದ ಮಿತಿ ಇಟ್ಟುಕೊಂಡರೆ ನೀವು ಪರೀಕ್ಷಿಸುತ್ತಿರುವುದು ಬೋರ್ಡನ್ನು. ಬಯಾಸ್‌ನಲ್ಲಿ ಒಂದೇ ಮಿತಿ ಹಾಕಿ, ಸಿನೆಬೆಂಚ್ ಅರ್ಧ ಗಂಟೆ ಓಡಿಸಿ, ಕೊನೆಯ ಐದು ನಿಮಿಷಗಳ ಸರಾಸರಿ ತೆಗೆದುಕೊಳ್ಳಿ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೆ ತಾಪಮಾನ ಹೋಲಿಸಿ ಪ್ರಯೋಜನವಿಲ್ಲ, ಗಿಗಾಹರ್ಟ್ಸ್ ನೋಡಬೇಕು.

5. ಸದ್ದು ಸಮ ಮಾಡಿ, ಆಮೇಲೆ ತಾಪ ಹೋಲಿಸಿ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಪೂರ್ತಿ ವೇಗದಲ್ಲಿ ಓಡಿಸಿದರೆ ಹೆಚ್ಚು ಅರಚುವ ಫ್ಯಾನೇ ಗೆಲ್ಲುವ ಸಾಧ್ಯತೆ ಹೆಚ್ಚು. ಆ ಅರಚಾಟದ ಪಕ್ಕ ಕೂತು ಯಾರೂ ಓದಲಾರರು. ಎರಡೂ ಕೂಲರ್‌ಗಳ ಫ್ಯಾನ್ ವೇಗ ಹೊಂದಿಸಿ, ಉದಾಹರಣೆಗೆ 38 ಡೆಸಿಬಲ್‌ಗೆ ತಂದು ನಿಲ್ಲಿಸಿ. ಈಗ ಯಾವುದು ತಣ್ಣಗಿದೆಯೋ ಅದೇ ಉತ್ತಮ. ಫ್ಯಾನ್ ವೇಗ 1,800ರಿಂದ 1,200 ಸುತ್ತಿಗೆ ಇಳಿದರೆ ಗಾಳಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಸದ್ದು ಮಾತ್ರ ಸುಮಾರು 9 ಡೆಸಿಬಲ್ ಬೀಳುತ್ತದೆ. ಕಿವಿಗೆ ಅದು ಹೆಚ್ಚುಕಡಿಮೆ ಅರ್ಧವಾದಂತೆ. ಪ್ರೊಸೆಸರ್ ಏರುವುದು ಸಾಮಾನ್ಯವಾಗಿ ಕೆಲವೇ ಡಿಗ್ರಿ. ಅಗ್ಗದ ಕೂಲರ್‌ನಿಂದ ನೆಮ್ಮದಿ ಸಿಗುವುದು ಈ ಲೆಕ್ಕದಲ್ಲೇ.

6. ಕಿವಿಯನ್ನೂ ನಂಬಿ. ವೇಗವನ್ನು 50 ಸುತ್ತಿನಂತೆ ಏರಿಸುತ್ತ ಹೋಗಿ. ಯಾವುದೋ ಒಂದು ವೇಗದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಅಲ್ಯೂಮಿನಿಯಂ ರೆಕ್ಕೆಗಳಿಗೆ ತಾಗಿ ಗುಂಯ್ ಎನ್ನಬಹುದು. ಡೆಸಿಬಲ್ ಅಂಕಿ ಅಲ್ಲಾಡಿರುವುದಿಲ್ಲ, ತಲೆ ಚಿಟ್ಟುಹಿಡಿಯುತ್ತದೆ. ಆ ವೇಗದಲ್ಲಿ ನಿಲ್ಲದಂತೆ ಬಯಾಸ್‌ನ ಫ್ಯಾನ್ ರೇಖೆ ತಿದ್ದಿ.

7. ಬಿಚ್ಚಿ ಮತ್ತೆ ಕೂರಿಸಿ. ಸ್ಕ್ರೂಗಳನ್ನು ಎದುರುಬದುರಾಗಿ, ಅರ್ಧರ್ಧ ಸುತ್ತು ಬಿಗಿಯಿರಿ. ತೆಗೆದಾಗ ಥರ್ಮಲ್ ಪೇಸ್ಟ್ ಗುರುತು ನೋಡಿ: ತಾಮ್ರದ ಕೊಳವೆಗಳೇ ಪ್ರೊಸೆಸರ್ ಮುಟ್ಟುವ ಕೂಲರ್‌ಗಳಲ್ಲಿ ಕೊಳವೆಗಳ ನಡುವಿನ ಗೀರು ಒಣಗಿ ಹೊಳೆಯುತ್ತಿದ್ದರೆ ಪೇಸ್ಟ್ ಸಾಲಲಿಲ್ಲ. ಪ್ರತಿ ಸಲ ಕೂರಿಸಿದಾಗಲೂ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ. ಅದಕ್ಕಿಂತ ಸಣ್ಣ ಗೆಲುವನ್ನು ಗೆಲುವು ಎನ್ನಬೇಡಿ.

8. ಮುಂಬೈ ಅಥವಾ ಚೆನ್ನೈನವರ ಫಲಿತಾಂಶಕ್ಕೆ ನಿಮ್ಮದನ್ನು ತಾಳೆ ಹಾಕಬೇಡಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿನ ಗಾಳಿ ಅಲ್ಲಿಯದಕ್ಕಿಂತ ಸುಮಾರು ಶೇ 10ರಷ್ಟು ತೆಳು, ಅಷ್ಟೇ ವೇಗದ ಫ್ಯಾನ್ ಅಷ್ಟು ಶಾಖ ಒಯ್ಯುವುದಿಲ್ಲ.

9. ತಿಂಗಳ ನಂತರ ಇನ್ನೊಮ್ಮೆ ಅಳೆಯಿರಿ. ರಸ್ತೆ ಕಡೆಯ ಕಿಟಕಿ ತೆರೆದಿಡುವ ಮನೆಯಾದರೆ ರೆಕ್ಕೆಗಳ ಅಂಚಿನಲ್ಲಿ ಕೆಂಧೂಳು ಕೂತಿರುತ್ತದೆ. ಬ್ರಷ್ ಹಾಕುವ ಮೊದಲು ಒಂದು ಅಂಕಿ, ಹಾಕಿದ ಮೇಲೆ ಒಂದು ಅಂಕಿ ಬರೆದಿಡಿ. ಎಷ್ಟು ದಿನಕ್ಕೊಮ್ಮೆ ಒರೆಸಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.