ದೂರದ ಪಯಣಿಗರಿಗೊಂದು ಮಾತು

ಸಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲೆಂದು ಬೆಂಗಳೂರಿನಿಂದ ಹೊರಡುವ ಹಿರಿಯರು, ಗೋಡೆಯ ಭೂಪಟದ ಮೇಲೆ ಎಳೆದ ಸರಳರೇಖೆಯನ್ನು ನಂಬಿ ಮಾರ್ಗವನ್ನು ಊಹಿಸಬಾರದು. ಏಕೆಂದರೆ ಭೂಮಿಯು ಗೋಲಾಕಾರವಾಗಿರುವ ಕಾರಣ ಈ ನಗರಗಳ ನಡುವಣ ಅತ್ಯಂತ ಹ್ರಸ್ವವಾದ ಪಥವು ಉತ್ತರಾಭಿಮುಖವಾಗಿ ಬಾಗಿ, ಆರ್ಕ್ಟಿಕ್ ವೃತ್ತವನ್ನೂ ದಾಟಿ, ಸುಮಾರು 14,000 ಕಿಲೋಮೀಟರುಗಳಷ್ಟು ಸಾಗುತ್ತದೆ. ಎಲ್ಲಿಯೂ ಇಳಿಯದೆ ಹಾರಿದರೂ ಹದಿನಾರು ಹದಿನೇಳು ಗಂಟೆಗಳು ಬೇಕು. ಮೇಲ್ಗಾಳಿಯ ಅನುಕೂಲ-ಪ್ರತಿಕೂಲಗಳಿಗೆ ತಕ್ಕಂತೆ ಅದು ಕೊಂಚ ಹೆಚ್ಚುಕಡಿಮೆಯಾದೀತು.

ಆದರೆ ನನಗೆ ಹೆಚ್ಚು ಕಳವಳವನ್ನುಂಟುಮಾಡುವುದು ದೂರವಲ್ಲ, ದಿನಾಂಕ. ಟಿಕೆಟ್ಟಿನಲ್ಲಿ ಮುದ್ರಿತವಾದ ವೇಳೆಗಳೆಲ್ಲವೂ ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಆ ನಗರವು ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ (ಬೇಸಗೆಯಲ್ಲಿ ಹನ್ನೆರಡೂವರೆ), ಇಲ್ಲಿ ಮಧ್ಯಾಹ್ನ ಎರಡಕ್ಕೆ ವಿಮಾನವೇರಿದವರು ಹದಿನೇಳು ಗಂಟೆ ಹಾರಿದ ಮೇಲೆಯೂ ಅಲ್ಲಿ ಅದೇ ದಿನದ ಸಂಜೆ ಐದೂವರೆಗೆ ಇಳಿಯುವರು. ಮರಳುವಾಗಲಾದರೋ, ಸೋಮವಾರ ರಾತ್ರಿ ಒಂಬತ್ತಕ್ಕೆ ಹೊರಟವರು ಅಷ್ಟೇ ಹೊತ್ತು ಹಾರಿ ಬೆಂಗಳೂರನ್ನು ಮುಟ್ಟುವುದು ಬುಧವಾರ ಬೆಳಗಿನ ಜಾವದಲ್ಲಿ. ಆದುದರಿಂದ ನಿಮ್ಮನ್ನು ಎದುರುಗೊಳ್ಳಲು ಬರುವವರಿಗೆ ಹೊರಡುವ ದಿನವನ್ನಲ್ಲ, ತಲುಪುವ ದಿನಾಂಕವನ್ನೇ ಬರೆದುಕೊಡಿರಿ. ಔಷಧ ಸೇವಿಸುವವರಾದರೆ, ಗುಳಿಗೆಯ ಹೊತ್ತನ್ನು ಯಾವ ಗಡಿಯಾರಕ್ಕನುಗುಣವಾಗಿ ಪಾಲಿಸಬೇಕೆಂಬುದನ್ನು ವೈದ್ಯರಲ್ಲಿ ಮುಂಚಿತವಾಗಿಯೇ ವಿಚಾರಿಸಿಕೊಳ್ಳಿರಿ.